‘ಅಮ್ಮಾ, ಆಗ್ತಿಲ್ಲ’ ಅಂದ ಕೂಡಲೇ ಕೈ ಹಾಕಬೇಕಾ?

ಪ್ರಶ್ನೆ: ನನ್ನ ಮಗಳಿಗೆ 7 ವರ್ಷ. ಬಾಟಲಿ ಮುಚ್ಚಳ ಬಿಗಿಯಾಗಿದ್ದರೂ, ಪೆನ್ಸಿಲ್ ಕಾಣದಿದ್ದರೂ, ಗೆಳತಿ ಮಾತು ಬಿಟ್ಟರೂ ‘ಅಮ್ಮಾ’ ಅಂತ ಓಡಿ ಬರುತ್ತಾಳೆ. ಅವಳೇ ಮಾಡಿಕೊಳ್ಳಲಿ ಅಂತ ಸುಮ್ಮನಿದ್ದರೆ ಅಳುತ್ತಾಳೆ. ಕೊನೆಗೆ ನಾನೇ ಮಾಡಿಕೊಡುತ್ತೇನೆ. ಸಹಾಯ ಮಾಡದಿದ್ದರೆ ನನ್ನದು ಕಲ್ಲು ಮನಸ್ಸು ಅನಿಸುತ್ತದೆ. ಏನು ಮಾಡಲಿ?

ಉತ್ತರ: ಮಗು ಒದ್ದಾಡುವುದನ್ನು ನೋಡಿಕೊಂಡು ಕೂರುವುದು ಯಾರಿಗೂ ಸುಲಭವಲ್ಲ. ಹಾಗಾಗಿ ಕಲ್ಲು ಮನಸ್ಸಿನ ಮಾತು ಬಿಡಿ. ಆದರೆ ನಿಮ್ಮ ಪ್ರಶ್ನೆಯಲ್ಲಿ ಎರಡೇ ದಾರಿ ಕಾಣುತ್ತಿವೆ. ಒಂದೋ ನೀವೇ ಮಾಡಿಕೊಡಬೇಕು, ಇಲ್ಲವೇ ಸುಮ್ನೆ ನೋಡುತ್ತಾ ಇರಬೇಕು. ಇವೆರಡರ ನಡುವೆ ಬೇಕಾದಷ್ಟು ಜಾಗ ಇದೆ.

ಮುಚ್ಚಳವನ್ನೇ ತೆಗೆದುಕೊಳ್ಳಿ. ಬಾಟಲಿ ಇಸಕೊಂಡು ನೀವೇ ತೆಗೆದುಕೊಟ್ಟರೆ ಎರಡು ಸೆಕೆಂಡಿನ ಕೆಲಸ. ‘ನೀನೇ ತೆಗಿ’ ಅಂತ ಬಿಟ್ಟರೆ ಅಳು. ಅದರ ಬದಲು ಬಾಟಲಿ ಅವಳ ಕೈಯಲ್ಲೇ ಇರಲಿ. ‘ಬಟ್ಟೆ ಸುತ್ತಿ ಹಿಡಿದರೆ ಜಾರಲ್ವೇನೋ, ನೋಡು’ ಅನ್ನಿ. ಅದಕ್ಕೂ ಬಗ್ಗದಿದ್ದರೆ ನೀವು ಸ್ವಲ್ಪ ಸಡಿಲ ಮಾಡಿ ವಾಪಸ್ ಕೊಡಿ. ಕೊನೆಯ ತಿರುವು ಅವಳದೇ ಆಗಲಿ.

ಈ ಬಗೆಯ ನೆರವಿಗೆ ಒಂದು ಹೆಸರೇ ಇದೆ. 1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ ಎಂಬ ಮೂವರು ಸಂಶೋಧಕರು 3ರಿಂದ 5 ವರ್ಷದ ಮಕ್ಕಳಿಗೆ ಮರದ ತುಂಡುಗಳಿಂದ ಪಿರಮಿಡ್ ಕಟ್ಟುವ ಕೆಲಸ ಕೊಟ್ಟು, ದೊಡ್ಡವರ ಸಹಾಯ ಎಲ್ಲಿ ಬೇಕು, ಎಷ್ಟು ಸಾಕು ಅಂತ ಗಮನಿಸಿದರು. ಅವರು ಬಳಸಿದ ಪದ ಸ್ಕ್ಯಾಫೋಲ್ಡಿಂಗ್. ಗಾರೆ ಕೆಲಸದವರ ಮಾತಿನಲ್ಲಿ ಸಾರ್ವೆ. ಗೋಡೆ ಏಳುವ ತನಕ ಅದು ಪಕ್ಕದಲ್ಲಿ ನಿಂತಿರುತ್ತದೆ, ಎದ್ದ ಮೇಲೆ ಬಿಚ್ಚುತ್ತಾರೆ. ಗೋಡೆ ಇನ್ನೂ ಹಸಿಯಾಗಿರುವಾಗಲೇ ಯಾರೂ ಬಿಚ್ಚುವುದಿಲ್ಲ, ಅಲ್ವಾ?

ನಾವೇ ಮಾಡಿಕೊಟ್ಟರೆ ಏನು ನಷ್ಟ ಅಂತ ನೀವು ಕೇಳಬಹುದು. ಮಕ್ಕಳ ಕಲಿಕೆಯ ಸಂಶೋಧಕಿ ಜೂಲಿಯಾ ಲಿಯೊನಾರ್ಡ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. 4-5 ವರ್ಷದ ಮಕ್ಕಳಿಗೆ ಕಷ್ಟದ ಪಜಲ್ ಕೊಟ್ಟರು. ಕೆಲವು ಮಕ್ಕಳಿಗೆ ದೊಡ್ಡವರು ತಾವೇ ಬಿಡಿಸಿಕೊಟ್ಟರು. ಇನ್ನು ಕೆಲವರಿಗೆ ಹೇಗೆ ಮಾಡಬೇಕು ಅಂತ ಕಲಿಸಿದರು. ಆಮೇಲೆ ತೆರೆಯಲು ಆಗದ ಒಂದು ಪೆಟ್ಟಿಗೆ ಕೈಗಿತ್ತರು. ಯಾರ ಪಜಲ್ ಅನ್ನು ದೊಡ್ಡವರು ಕಿತ್ತುಕೊಂಡು ಮಾಡಿದ್ದರೋ ಆ ಮಕ್ಕಳು ಪೆಟ್ಟಿಗೆಯನ್ನು ಬೇಗ ಕೈಬಿಟ್ಟರು. ಪಜಲ್ ಬೇರೆ, ಪೆಟ್ಟಿಗೆ ಬೇರೆ. ಆದರೂ ‘ಇದು ನನ್ನ ಕೈಲಿ ಆಗೋದಲ್ಲ’ ಅನ್ನುವುದು ಒಂದರಿಂದ ಇನ್ನೊಂದಕ್ಕೆ ಹರಿದುಬಂತು ಅಂತ ನನಗನಿಸುತ್ತದೆ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ. ನನ್ನ ಮಗ ಶೂ ಲೇಸ್ ಕಟ್ಟಲು ಕಲಿಯುತ್ತಿದ್ದಾಗ ನಾನು ಎಷ್ಟೋ ದಿನ ಬಗ್ಗಿ ಕಟ್ಟಿಬಿಟ್ಟಿದ್ದೇನೆ. ಅವನಿಗೆ ಕಷ್ಟ ಅಂತಲ್ಲ, ನನಗೆ ತಡವಾಗುತ್ತಿತ್ತು. ನಾವು ಕೈ ಹಾಕುವುದು ಜಾಸ್ತಿ ಸಲ ನಮ್ಮ ತಾಳ್ಮೆ ಮುಗಿದದ್ದಕ್ಕೇ. ಅದಕ್ಕೇ ಹೊರಡುವ ಗಡಿಬಿಡಿಯಲ್ಲಿ ಈ ಪಾಠ ಶುರು ಮಾಡಬೇಡಿ. ಅವಸರವಿದ್ದರೆ ‘ಈಗ ನಾನು ಕಟ್ಟುತ್ತೇನೆ, ಸಂಜೆ ನೀನು’ ಅಂತ ಹೇಳಿ ಕಟ್ಟಿಬಿಡಿ. ಸಂಜೆ ಮರೆಯದೆ ಅವಳ ಪಕ್ಕ ಕೂತುಕೊಳ್ಳಿ.

ಪೆನ್ಸಿಲ್ ವಿಷಯ ಸಣ್ಣದು. ‘ಕೊನೆಗೆ ಎಲ್ಲಿ ಕೂತು ಬರೆದೆ?’ ಅಂತ ಕೇಳಿ, ನಿಮ್ಮ ಕೆಲಸಕ್ಕೆ ಮರಳಿ. ಎದ್ದು ಹುಡುಕಬೇಡಿ.

ಗೆಳತಿಯ ವಿಷಯ ಹಾಗಲ್ಲ. ಇಲ್ಲಿ ಮೊದಲು ಕೇಳಿಸಿಕೊಳ್ಳಬೇಕು. ಅಳುವ ಮಗುವಿಗೆ ಉಪಾಯ ಹೊಳೆಯುವುದಿಲ್ಲ, ನಮಗಾದರೂ ಹೊಳೆಯುತ್ತದೆಯೇ? ಅಳು ನಿಲ್ಲಿಸುವುದೂ ನಿಮ್ಮ ಕೆಲಸವಲ್ಲ. ಬೇಜಾರಾಗಿದೆ ಅಂತ ಒಪ್ಪಿಕೊಂಡು ಹತ್ತಿರ ಕೂತರೆ ಸಾಕು. ಆಮೇಲೆ ಮೆಲ್ಲಗೆ ಕೇಳಿ: ಏನಾಯಿತು? ಅವಳಿಗೆ ಏನನಿಸಿರಬಹುದು? ಈಗ ನೀನು ಏನು ಮಾಡಬಹುದು? ಒಂದು ಉತ್ತರ ಬಂದರೆ ‘ಇನ್ನೇನು ಮಾಡಬಹುದು?’ ಅಂತ ಮತ್ತೆ ಕೇಳಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಿರ್ನಾ ಶೂರ್ ಮತ್ತು ಜಾರ್ಜ್ ಸ್ಪಿವಾಕ್ 1970ರ ದಶಕದಲ್ಲಿ ಪುಟ್ಟ ಮಕ್ಕಳ ಜೊತೆ ಕೆಲಸ ಮಾಡಿದ್ದು ಇದೇ ದಾರಿಯಲ್ಲಿ. ಸರಿಯಾದ ಒಂದು ಉಪಾಯ ಹೇಳಿಕೊಡುವ ಬದಲು, ಮಗು ತಾನೇ ನಾಲ್ಕು ಉಪಾಯ ಯೋಚಿಸುವ ಹಾಗೆ ಮಾಡಬೇಕು ಅನ್ನುವುದು ಅವರ ನಿಲುವು.

ಅವಳು ಹೇಳುವ ನಾಲ್ಕರಲ್ಲಿ ಎರಡು ಕೆಲಸಕ್ಕೆ ಬಾರದವೇ ಇರುತ್ತವೆ. ‘ನಾನೂ ಮಾತು ಬಿಡ್ತೀನಿ’ ಅನ್ನುವುದಂತೂ ಗ್ಯಾರಂಟಿ. ತಕ್ಷಣ ತಿದ್ದಬೇಡಿ. ‘ಹಾಗೆ ಮಾಡಿದರೆ ಆಮೇಲೆ ಏನಾಗಬಹುದು?’ ಅಂತಷ್ಟೇ ಕೇಳಿ. ಯಾರಿಗೂ ಪೆಟ್ಟಾಗದ, ಯಾರನ್ನೂ ನೋಯಿಸದ ಉಪಾಯವಾದರೆ ಅವಳು ಆರಿಸಿದ್ದನ್ನೇ ಮಾಡಿ ನೋಡಲಿ. ಆ ಗೆಳತಿಯ ಅಮ್ಮನಿಗೆ ನೀವು ಫೋನ್ ಮಾಡುವುದು ಬೇಡ.

ಹಾಗಂತ ಎಲ್ಲದಕ್ಕೂ ದೂರ ನಿಲ್ಲುವ ಹಾಗಿಲ್ಲ. ಒಬ್ಬಳನ್ನೇ ಗುರಿ ಮಾಡಿ ದಿನಾ ಗೋಳುಹೊಯ್ದುಕೊಳ್ಳುತ್ತಿದ್ದರೆ ಅದು ಮಕ್ಕಳ ಜಗಳ ಅಲ್ಲ. ಬಲ ಒಂದೇ ಕಡೆ ಇರುವಾಗ ‘ನೀನೇ ಸರಿ ಮಾಡ್ಕೋ’ ಅನ್ನುವುದು ಅನ್ಯಾಯ. ದೊಡ್ಡವರು ಯಾರಾದರೂ ತಪ್ಪಾಗಿ ನಡೆದುಕೊಂಡರೆ, ಮೈಗೆ ಅಪಾಯವಿದ್ದರೆ, ಮಗು ಶಾಲೆಯ ಹೆಸರೆತ್ತಿದರೆ ಹೆದರುತ್ತಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ ನೀವು ಮುಂದೆ ಹೋಗಲೇಬೇಕು. ಇನ್ನೊಂದು ಮಾತು. ಬಂದಾಗಲೆಲ್ಲ ‘ನೀನೇ ನೋಡ್ಕೋ’ ಅಂತ ಕೇಳಿ ಕೇಳಿ ಸಾಕಾದ ಮಗು, ನಿಜವಾಗಿ ಹೇಳಬೇಕಾದ ದಿನವೂ ಬಾಯಿ ಬಿಡದೇ ಇರಬಹುದು. ಆದ್ದರಿಂದ ಓಡಿ ಬಂದದ್ದಕ್ಕೆ ಬೈಯಬೇಡಿ. ಬರಲಿ, ಹೇಳಲಿ. ಕೆಲಸ ಮಾತ್ರ ಅವಳ ಕೈಗೇ ವಾಪಸ್ ಹೋಗಲಿ.

ಮೊದಮೊದಲು ಅಳು ಕಡಿಮೆಯಾಗುವ ಬದಲು ಜಾಸ್ತಿಯಾದರೂ ಆಗಬಹುದು. ಇಷ್ಟು ದಿನ ಅತ್ತರೆ ಕೆಲಸವಾಗುತ್ತಿತ್ತು, ಈಗ ಆಗುತ್ತಿಲ್ಲ, ಹಾಗಾಗಿ ಇನ್ನೂ ಜೋರಾಗಿ ಅತ್ತು ನೋಡುತ್ತಾಳೆ. ಆಗ ಸೋತು ಮಾಡಿಕೊಟ್ಟರೆ, ಎಷ್ಟು ಜೋರಾಗಿ ಅಳಬೇಕು ಅನ್ನುವುದನ್ನಷ್ಟೇ ಕಲಿಸಿದ ಹಾಗಾಗುತ್ತದೆ. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋಗಬೇಡಿ. ಈ ವಾರ ಬರೀ ಬಾಟಲಿ ಮುಚ್ಚಳ ಸಾಕು.