ಕೊಬ್ಬಿನ ಕೋಶಗಳನ್ನು ಹೆಚ್ಚಿಸಿ ಮಧುಮೇಹವನ್ನು ತಗ್ಗಿಸುವ ಅಣು

ಕೊಬ್ಬು ಕರಗಿಸುತ್ತೇವೆಂದು ಸಾರುವ ಪುಡಿ, ಕಷಾಯ, ಮಾತ್ರೆಗಳ ಜಾಹೀರಾತುಗಳು ಕೊಬ್ಬಿನ ಕೋಶವನ್ನು ವೈರಿಯೆಂದೇ ಚಿತ್ರಿಸುತ್ತವೆ. ಆದರೆ ಲಿಪೊಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆಯಲ್ಲಿ ಕೊಬ್ಬಿನ ಕೋಶಗಳು ಸರಿಯಾಗಿ ಬೆಳೆಯುವುದೇ ಇಲ್ಲ. ಅಂಥ ರೋಗಿಯ ಮೈ ಸಣಕಲಾಗಿದ್ದರೂ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು, ಸುಲಭಕ್ಕೆ ಹತೋಟಿಗೆ ಬಾರದ ಮಧುಮೇಹ ಅಂಟಿಕೊಳ್ಳುತ್ತದೆ. ಕಣಜವಿಲ್ಲದ ಮನೆಯಲ್ಲಿ ಸುಗ್ಗಿಯ ಕಾಳು ಅಡುಗೆಮನೆ, ಪಡಸಾಲೆಯಲ್ಲೆಲ್ಲ ಸುರಿದು ಬಿದ್ದಂತೆ, ನೆಲೆಯಿಲ್ಲದ ಕೊಬ್ಬು ಯಕೃತ್ತು, ಸ್ನಾಯುಗಳಿಗೆ ನುಗ್ಗಿ ಇನ್ಸುಲಿನ್ನಿನ ಕೆಲಸವನ್ನು ಕೆಡಿಸುತ್ತದೆ. ಕೊಬ್ಬಿನ ಕೋಶಗಳನ್ನು ಹೆಚ್ಚಿಸಿಯೇ ಸಕ್ಕರೆಯನ್ನು ತಗ್ಗಿಸುವ ಗ್ಲಿಟಜೋನ್ ಎಂಬ ಮಧುಮೇಹದ ಔಷಧಗಳ ಗುಟ್ಟು ಇಲ್ಲಿದೆ.

ಕೊಬ್ಬಿನ ಕೋಶ ಹುಟ್ಟುವ ಬಗೆಯನ್ನು ಕಣ್ಣಾರೆ ನೋಡಲು ಸಾಧ್ಯವಾದದ್ದು 1970ರ ದಶಕದಲ್ಲಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹೊವರ್ಡ್ ಗ್ರೀನ್ ಮತ್ತು ಸಂಗಡಿಗರು ಇಲಿಯ ಭ್ರೂಣದಿಂದ ಬಂದ, ಕೊಬ್ಬಿನ ಕೋಶಗಳಾಗಿ ಮಾರ್ಪಡಬಲ್ಲ 3ಟಿ3-ಎಲ್1 ಎಂಬ ಕೋಶಗಳನ್ನು ಬೇರ್ಪಡಿಸಿದರು. ಇವು ತಟ್ಟೆಯ ತುಂಬ ಹರಡಿದ ಮೇಲೆ ಈ ಮಾರ್ಪಾಟನ್ನು ಶುರುಮಾಡಲು ಇನ್ಸುಲಿನ್, ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಮತ್ತು ಐಬಿಎಂಎಕ್ಸ್ ಎಂಬ ರಾಸಾಯನಿಕ, ಈ ಮೂರನ್ನು ಬೆರೆಸಿಕೊಡುವುದು ಇಂದಿಗೂ ಪ್ರಯೋಗಾಲಯಗಳ ರೂಢಿ. ಇನ್ಸುಲಿನ್ ದೊಡ್ಡ ಅಣುವಾದ್ದರಿಂದ ಕೋಶದ ಹೊರಪೊರೆಯ ಗ್ರಾಹಕಕ್ಕೆ ಅಂಟಿಯೇ ಸಂಕೇತ ಕಳಿಸುತ್ತದೆ. ಉಳಿದೆರಡು ಸಣ್ಣ ಅಣುಗಳು ಪೊರೆಯನ್ನು ದಾಟಿ ಒಳಹೋಗುತ್ತವೆ. ಡೆಕ್ಸಾಮೆಥಸೋನ್ ಒಳಗಿನ ಗ್ರಾಹಕವೊಂದನ್ನು ಹಿಡಿದು ಕೋಶಕೇಂದ್ರಕ್ಕೆ ತಲುಪುವಂತೆ ಮಾಡುತ್ತದೆ. ಕಾಫಿಯ ಕೆಫೀನಿಗೆ ರಚನೆಯಲ್ಲಿ ಹತ್ತಿರದ ನೆಂಟನಾದ ಐಬಿಎಂಎಕ್ಸ್, ಕೋಶದೊಳಗೆ ಸಂಕೇತ ಒಯ್ಯುವ ಸೈಕ್ಲಿಕ್ ಎಎಂಪಿ ಎಂಬ ಅಣುವನ್ನು ಒಡೆಯುವ ಕಿಣ್ವವನ್ನು ತಡೆದು ಆ ಸಂಕೇತವನ್ನು ಏರಿಸುತ್ತದೆ. ಹಾಗೆಂದು ಕಾಫಿ ಕುಡಿದರೆ ಬೊಜ್ಜು ಬರುತ್ತದೆಂದು ಯಾರೂ ತೀರ್ಮಾನಿಸಬಾರದು. ಕೆಲವೇ ದಿನಗಳಲ್ಲಿ ನೀಳವಾಗಿದ್ದ ಕೋಶಗಳು ದುಂಡಗಾಗಿ, ಒಳಗೆ ಕೊಬ್ಬಿನ ಸಣ್ಣ ಹನಿಗಳು ಕೂಡುತ್ತವೆ; ಆಯಿಲ್ ರೆಡ್ ಓ ಬಣ್ಣ ಹಾಕಿದರೆ ಹನಿಗಳೆಲ್ಲ ಕೆಂಪಾಗಿ ಎದ್ದು ಕಾಣುತ್ತವೆ.

ಈ ಸಂಕೇತಗಳೆಲ್ಲ ಕೊನೆಗೆ ಬಂದು ಸೇರುವುದು ಪಿಪಿಎಆರ್-ಗಾಮಾ ಎಂಬ ಪ್ರೋಟೀನಿನಲ್ಲಿ. ಕೊಬ್ಬಿನ ಕೋಶವನ್ನು ರೂಪಿಸುವ ಮುಖ್ಯ ನಿಯಂತ್ರಕ ಇದೇ ಎಂಬುದನ್ನು 1994ರಲ್ಲಿ ಅಮೆರಿಕದ ವಿಜ್ಞಾನಿ ಬ್ರೂಸ್ ಸ್ಪೀಗಲ್‌ಮನ್ ಅವರ ತಂಡ ತೋರಿಸಿತು. ಅತ್ತ ಜಪಾನಿನಲ್ಲಿ ಆಗಲೇ ರೂಪುಗೊಂಡಿದ್ದ ಗ್ಲಿಟಜೋನ್ ಗುಂಪಿನ ಔಷಧಗಳು ಪ್ರಾಣಿಗಳಲ್ಲಿ ರಕ್ತದ ಸಕ್ಕರೆಯನ್ನು ಇಳಿಸುತ್ತಿದ್ದವಾದರೂ ಹೇಗೆಂಬುದು ಒಗಟಾಗಿತ್ತು. ಅವು ನೇರವಾಗಿ ಇದೇ ಪ್ರೋಟೀನಿನ ಪೊಟರೆಯಲ್ಲಿ ಕೂರುತ್ತವೆಂದು 1995ರಲ್ಲಿ ತಿಳಿಯಿತು. ಅಣು ಕೂತೊಡನೆ ಪ್ರೋಟೀನಿನ ಆಕಾರ ಬದಲಾಗಿ, ವಂಶವಾಹಿಗಳನ್ನು ಅದುಮಿಟ್ಟಿದ್ದ ಸಹಚರ ಪ್ರೋಟೀನುಗಳು ಕಳಚಿಕೊಂಡು, ಚಾಲನೆ ಕೊಡುವವು ಬಂದು ಸೇರುತ್ತವೆ. ಚರ್ಮದಡಿಯಲ್ಲಿ ಹೊಸ ಕೊಬ್ಬಿನ ಕೋಶಗಳು ಮೂಡುತ್ತವೆ, ಯಕೃತ್ತಿನ ಕೊಬ್ಬು ಇಳಿಯುತ್ತದೆ. ರೋಗಿಯ ತೂಕ ಏರುತ್ತಿರುವಾಗಲೇ ಸಕ್ಕರೆ ತಗ್ಗುವುದು ಈ ಕಾರಣದಿಂದ. ನನ್ನ ಮಟ್ಟಿಗೆ ಜೀವರಸಾಯನದ ಅತ್ಯಂತ ಸೊಗಸಾದ ವಿರೋಧಾಭಾಸ ಇದು.

ಆದರೆ ಈ ಪ್ರೋಟೀನು ಕೊಬ್ಬಿನಲ್ಲಷ್ಟೇ ಇಲ್ಲ. ಔಷಧ ಅದನ್ನು ಚುರುಕುಗೊಳಿಸಿದಾಗ, ಮೂಳೆಮಜ್ಜೆಯ ಆಕರಕೋಶಗಳನ್ನು ಅದು ಮೂಳೆಯ ದಾರಿಯಿಂದ ಕೊಬ್ಬಿನ ದಾರಿಗೆ ತಿರುಗಿಸುವುದರಿಂದ ಮೂಳೆ ಮುರಿತದ ಅಪಾಯ ಹೆಚ್ಚುತ್ತದೆ. ಮೂತ್ರಪಿಂಡದಲ್ಲಿ ಉಪ್ಪುನೀರನ್ನು ಹಿಡಿದಿಡುವುದರಿಂದ ಹೃದಯಕ್ಕೆ ಹೊರೆಯಾಗುತ್ತದೆ. ಭಾರತ 2010ರಲ್ಲಿ ಈ ಗುಂಪಿನ ರೋಸಿಗ್ಲಿಟಜೋನನ್ನು ನಿಷೇಧಿಸಿತು. 2013ರಲ್ಲಿ ಅದೇ ಗುಂಪಿನ ಪಯೋಗ್ಲಿಟಜೋನನ್ನು ತಡೆಹಿಡಿದು, ಕೆಲವೇ ವಾರಗಳಲ್ಲಿ ಎಚ್ಚರಿಕೆಯ ಬರಹದೊಂದಿಗೆ ಮತ್ತೆ ಮಾರಾಟಕ್ಕೆ ಬಿಟ್ಟಿತು. ಇಂದಿಗೂ ಅದನ್ನು ಸೇವಿಸುತ್ತಿರುವವರು ಪಾದ ಊದಿಕೊಂಡರೆ, ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಂದರೆ, ತಡಮಾಡದೆ ವೈದ್ಯರಿಗೆ ತಿಳಿಸಬೇಕು.