ನನ್ನದೇ ಮೇಲ್ ಐಡಿಯಿಂದ ನನಗೇ ಬೆದರಿಕೆ ಮೇಲ್ ಬಂದಿದೆ, ಹಳೇ ಪಾಸ್‌ವರ್ಡ್ ಕೂಡ ಬರೆದಿದಾರೆ, ಅಕೌಂಟ್ ಹ್ಯಾಕ್ ಆಗಿದ್ಯಾ?

ಓದುಗರ ಪ್ರಶ್ನೆ: ರಾತ್ರಿ ಒಂದು ಮೇಲ್ ಬಂತು. ಕಳಿಸಿದವರ ಜಾಗದಲ್ಲಿ ನನ್ನದೇ ಐಡಿ ಇದೆ. "ನಿನ್ನ ಅಕೌಂಟ್ ನನ್ನ ಕೈಲಿದೆ, ನಿನ್ನ ಕ್ಯಾಮೆರಾ ಆನ್ ಮಾಡಿ ವಿಡಿಯೋ ತೆಗೆದಿದೀನಿ, ಎರಡು ದಿನದೊಳಗೆ ಬಿಟ್‌ಕಾಯಿನ್ ಕಳಿಸದಿದ್ರೆ ನಿನ್ನ ಪರಿಚಯದವರಿಗೆಲ್ಲ ಕಳಿಸ್ತೀನಿ" ಅಂತ ಬರೆದಿದಾರೆ. ಸಾಕ್ಷಿಗೆ ಅಂತ ನಾನು ಹಿಂದೆ ಬಳಸ್ತಿದ್ದ ಪಾಸ್‌ವರ್ಡ್ ಇದೆ, ಅದು ಸರಿಯಾಗೇ ಇದೆ. ತುಂಬ ಭಯ ಆಗ್ತಿದೆ. ನಿಜವಾಗ್ಲೂ ಹ್ಯಾಕ್ ಆಗಿದ್ಯಾ?

ಉತ್ತರ: ಮೊದಲು ಒಂದು ಮಾತು, ದುಡ್ಡು ಕಳಿಸ್ಬೇಡಿ, ರಿಪ್ಲೈ ಮಾಡ್ಬೇಡಿ, ಆ ಮೇಲ್ ಒಳಗೆ ಲಿಂಕೋ ಅಟ್ಯಾಚ್‌ಮೆಂಟೋ ಇದ್ರೆ ಅದನ್ನ ಮುಟ್ಬೇಡಿ. ಇದೇ ಮೇಲ್ ಇದೇ ಸಾಲುಗಳ ಜೊತೆ ಜಗತ್ತಿನಲ್ಲಿ ಲೆಕ್ಕವಿಲ್ಲದಷ್ಟು ಜನಕ್ಕೆ ಹೋಗಿದೆ, ಬರೀ ಹೆಸರು, ಐಡಿ, ಪಾಸ್‌ವರ್ಡ್ ಮಾತ್ರ ಬದಲಾಗಿರುತ್ತೆ. ವಿಡಿಯೋ ಇರೋ ಸಾಧ್ಯತೆ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಇದ್ದಿದ್ರೆ ಒಂದು ಫೋಟೋ ಆದ್ರೂ ತೋರಿಸಿಯೇ ಹೆದರಿಸ್ತಿದ್ರು. ಆದ್ರೆ "ಇದು ಸ್ಪ್ಯಾಮ್, ಡಿಲೀಟ್ ಮಾಡಿ ಮಲಗಿ" ಅಂತ ಹೇಳಿ ಬಿಡೋಕೆ ನನಗೆ ಮನಸ್ಸಿಲ್ಲ, ಯಾಕಂದ್ರೆ ಈ ಮೇಲ್‌ನಲ್ಲಿ ಒಂದೇ ಒಂದು ವಿಷಯ ಸತ್ಯ, ಅದು ಆ ಪಾಸ್‌ವರ್ಡ್, ಮತ್ತೆ ನೀವು ಗಮನ ಕೊಡಬೇಕಾಗಿರೋದು ಅಲ್ಲೇ.

ಮೊದಲು ಆ "ನನ್ನದೇ ಐಡಿಯಿಂದ ಹೇಗೆ ಬಂತು" ಅನ್ನೋದನ್ನ ಮುಗಿಸೋಣ. ಪೇಪರ್ ಲೆಟರ್‌ನಲ್ಲಿ "ಇಂದ" ಅಂತ ಬರೆಯೋ ಜಾಗದಲ್ಲಿ ಯಾರ ಹೆಸರು ಬೇಕಾದ್ರೂ ಬರೀಬಹುದಲ್ವಾ, ಪೋಸ್ಟ್‌ಮ್ಯಾನ್ ಅದನ್ನ ಪರೀಕ್ಷೆ ಮಾಡಲ್ಲ, ಈಮೇಲ್ ಕೂಡ ಹಾಗೇ. ಮೇಲ್ ಸಾಗಿಸೋ ಎಸ್‌ಎಂಟಿಪಿ ಅನ್ನೋ ನಿಯಮಾವಳಿಯನ್ನ ಜಾನ್ ಪೋಸ್ಟೆಲ್ 1982ರ ಆಗಸ್ಟ್‌ನಲ್ಲಿ ಬರೆದಾಗ ನೆಟ್‌ವರ್ಕ್‌ನಲ್ಲಿ ಇದ್ದಿದ್ದು ಯೂನಿವರ್ಸಿಟಿಗಳು, ಸಂಶೋಧನಾ ಸಂಸ್ಥೆಗಳು, ಒಬ್ಬರನ್ನೊಬ್ಬರು ನಂಬ್ತಿದ್ದ ಜನ, ಹಾಗಾಗಿ ಕಳಿಸಿದವನು ನಿಜವಾಗ್ಲೂ ಅವನೇನಾ ಅಂತ ಕೇಳೋ ವ್ಯವಸ್ಥೆನೇ ಅದರಲ್ಲಿ ಇರಲಿಲ್ಲ. ಒಂದು ಮೇಲ್‌ನಲ್ಲಿ ಎರಡು "ಇಂದ" ಇರುತ್ತೆ, ಒಂದು ಸರ್ವರ್‌ಗಳು ತಮ್ಮತಮ್ಮಲ್ಲೇ ಹೇಳ್ಕೊಳ್ಳೋದು, ಇನ್ನೊಂದು ನಿಮ್ಮ ಸ್ಕ್ರೀನ್ ಮೇಲೆ ಕಾಣೋದು, ಎರಡೂ ಒಂದೇ ಆಗಿರಬೇಕು ಅಂತ ಏನಿಲ್ಲ.

ಆಮೇಲೆ ಇದಕ್ಕೆ ತೇಪೆ ಹಾಕಿದ್ರು. ಎಸ್‌ಪಿಎಫ್ ಅಂತ ಒಂದಿದೆ, ಒಂದು ಡೊಮೇನ್ (ಮೇಲ್ ಐಡಿಯಲ್ಲಿ @ ಆದ ಮೇಲೆ ಬರೋ ಹೆಸರು) ಹೆಸರಲ್ಲಿ ಮೇಲ್ ಕಳಿಸೋಕೆ ಯಾವ ಸರ್ವರ್‌ಗಳಿಗೆ ಅನುಮತಿ ಇದೆ ಅಂತ ಅದು ಹೇಳುತ್ತೆ. ಡಿಕಿಮ್ ಅಂದ್ರೆ ಮೇಲ್‌ಗೆ ಹಾಕೋ ಡಿಜಿಟಲ್ ಸಹಿ, ದಾರಿಯಲ್ಲಿ ಯಾರೂ ತಿದ್ದಿಲ್ಲ ಅಂತ ತಿಳಿಯೋಕೆ. ಡಿಮಾರ್ಕ್ ಅನ್ನೋದು ಇವೆರಡನ್ನ ನಿಮಗೆ ಕಾಣೋ "ಇಂದ"ಕ್ಕೆ ಹೋಲಿಸಿ ನೋಡುತ್ತೆ, ತಾಳೆ ಆಗದಿದ್ರೆ ಏನ್ ಮಾಡ್ಬೇಕು ಅಂತಾನೂ ಹೇಳುತ್ತೆ. ಜಿಮೇಲ್‌ಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳಿಸೋರಿಗೆ ಈ ಮೂರೂ ಇರಲೇಬೇಕು ಅಂತ ಗೂಗಲ್ 2024ರ ಫೆಬ್ರವರಿಯಿಂದ ಕಡ್ಡಾಯ ಮಾಡ್ತು, ಯಾಹೂ ಕೂಡ ಅದೇ ಸಮಯಕ್ಕೆ ಮಾಡ್ತು. ಅಂದ್ರೆ 1982ರ ಆ ತೂತು ಮುಚ್ಚೋ ಕೆಲಸ ಇನ್ನೂ ನಡೀತಾನೇ ಇದೆ, ಮತ್ತೆ ಇದನ್ನ ಸರಿಯಾಗಿ ಹಾಕ್ಕೊಳ್ಳದ ಡೊಮೇನ್‌ಗಳು ಬೇಕಾದಷ್ಟಿವೆ.

ನೀವೇ ನೋಡ್ಬಹುದು ಇದನ್ನ. ಕಂಪ್ಯೂಟರ್‌ನಲ್ಲಿ ಜಿಮೇಲ್ ತೆಗೆದು ಆ ಮೇಲ್‌ನ ಪಕ್ಕದ ಮೂರು ಚುಕ್ಕಿ ಒತ್ತಿ "ಶೋ ಒರಿಜಿನಲ್" ಅಂತ ಇರೋದನ್ನ ತೆಗೆದ್ರೆ ಮೇಲ್ಗಡೆನೇ ಈ ಮೂರರ ಮುಂದೆ ಪಾಸ್ ಅಥವಾ ಫೇಲ್ ಅಂತ ಬರೆದಿರುತ್ತೆ. ನಿಮ್ಮ ಹೆಸರಲ್ಲಿ ಬಂದ ಸುಳ್ಳು ಮೇಲ್‌ನಲ್ಲಿ ಸಾಮಾನ್ಯವಾಗಿ ಫೇಲ್ ಇರುತ್ತೆ. ಆದ್ರೆ ಉಲ್ಟಾ ಅರ್ಥ ಮಾಡ್ಕೋಬೇಡಿ, ಪಾಸ್ ಅಂತ ಇದ್ದ ಮಾತ್ರಕ್ಕೆ ಕಳಿಸಿದವನು ಒಳ್ಳೆಯವನು ಅಂತಲ್ಲ, ಆ ಡೊಮೇನ್‌ನಿಂದಲೇ ಬಂದಿದೆ ಅಂತ ಅಷ್ಟೇ, ಕಳ್ಳನೇ ಒಂದಕ್ಷರ ಬದಲಿಸಿ ಹೋಲುವಂಥ ಡೊಮೇನ್ ಕೊಂಡು ಮೂರೂ ಸರಿಯಾಗಿ ಸೆಟ್ ಮಾಡ್ಕೊಂಡಿದ್ರೆ ಪಾಸ್ ಅಂತಾನೇ ಬರುತ್ತೆ. ಇನ್ನೊಂದು, ಸೆಂಟ್ ಫೋಲ್ಡರ್‌ನಲ್ಲಿ ಇದೆ ಅಂತ ಕಂಡ ತಕ್ಷಣ ಗಾಬರಿ ಆಗ್ಬೇಡಿ. 2018ರ ಏಪ್ರಿಲ್‌ನಲ್ಲಿ ಬಹಳ ಜಿಮೇಲ್ ಬಳಕೆದಾರರಿಗೆ ತಾವು ಕಳಿಸದ ಸ್ಪ್ಯಾಮ್ ತಮ್ಮ ಸೆಂಟ್ ಫೋಲ್ಡರ್‌ನಲ್ಲಿ ಕಾಣಿಸ್ಕೊಂಡಿತ್ತು, ಪಾಸ್‌ವರ್ಡ್ ಬದಲಿಸಿದ್ರೂ ಬರ್ತಾನೇ ಇತ್ತು, ಕಡೆಗೆ ನೋಡಿದ್ರೆ ಕಳಿಸಿದವರು ಹೆಡರ್‌ನಲ್ಲಿ, ಅಂದ್ರೆ ಯಾರಿಂದ ಯಾರಿಗೆ ಅನ್ನೋ ವಿವರ ಇರೋ ಭಾಗದಲ್ಲಿ, ಸುಳ್ಳು ಹಾಕಿದ್ದಕ್ಕೆ ಹಾಗೆ ಆಗಿತ್ತು, ಯಾರೂ ಅಕೌಂಟ್ ಒಳಗೆ ಬಂದಿರಲಿಲ್ಲ.

ಈಗ ಪಾಸ್‌ವರ್ಡ್ ವಿಷಯ. ಅದು ನಿಮ್ಮ ಫೋನಿಂದ ಹೋಗಿರೋದಲ್ಲ, ಬಹುತೇಕ ನೀವು ಯಾವತ್ತೋ ಅಕೌಂಟ್ ಮಾಡಿ ಮರೆತ ಯಾವುದೋ ವೆಬ್‌ಸೈಟಿಂದ ಹೋಗಿದೆ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಕದ್ದ ಡೇಟಾ ಮೊದಲಿಗೆ ಸುಮಾರು 65 ಲಕ್ಷ ಪಾಸ್‌ವರ್ಡ್ ಅಂತ ಅಂದ್ಕೊಂಡಿದ್ರು, 2016ರ ಮೇನಲ್ಲಿ ಅದೇ ಕಳ್ಳತನದ 11.7 ಕೋಟಿ ಮೇಲ್ ಐಡಿ ಮತ್ತು ಪಾಸ್‌ವರ್ಡ್ ಮಾರಾಟಕ್ಕೆ ಬಂತು, ಅಂದ್ರೆ ನಾಲ್ಕು ವರ್ಷ ಜನ ಏನೂ ಗೊತ್ತಿಲ್ಲದೆ ಅದೇ ಪಾಸ್‌ವರ್ಡ್ ಬಳಸ್ತಿದ್ರು. ಅವು ಗೂಢ ರೂಪದಲ್ಲೇ ಇದ್ವು, ಆದ್ರೆ ಕಂಪನಿ ಬಳಸಿದ್ದ ಪದ್ಧತಿ ದುರ್ಬಲ ಆಗಿದ್ರಿಂದ ಬಹುಪಾಲು ಬೇಗನೇ ಬಿಚ್ಕೊಂಡ್ವು. ಯಾಹೂದಲ್ಲಿ 2013ರಲ್ಲಿ ಆದ ಕಳ್ಳತನ 300 ಕೋಟಿ ಅಕೌಂಟ್‌ಗಳನ್ನ ಮುಟ್ಟಿತ್ತು ಅಂತ ಹೇಳಿದ್ದು 2017ರಲ್ಲಿ. ಇಂಥ ಪಟ್ಟಿಗಳನ್ನ ಯಾರೋ ತಗೊಂಡು ಒಂದು ಸ್ಕ್ರಿಪ್ಟ್‌ಗೆ ಹಾಕಿ ಪ್ರತಿ ಐಡಿಗೂ ಅದರದೇ ಪಾಸ್‌ವರ್ಡ್ ಸೇರಿಸಿ ಕಳಿಸ್ತಾರೆ, 2018ರ ಜುಲೈ ಹೊತ್ತಿಗೆ ಈ ಥರದ ಮೇಲ್‌ಗಳು ದೊಡ್ಡ ಪ್ರಮಾಣದಲ್ಲಿ ಶುರು ಆದ್ವು. 2024ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಮನೆ ವಿಳಾಸ ಮತ್ತೆ ಆನ್‌ಲೈನ್ ಮ್ಯಾಪ್‌ನಲ್ಲಿ ಸಿಗೋ ಬೀದಿ ಫೋಟೋ ಕೂಡ ಹಾಕೋಕೆ ಶುರು ಮಾಡಿದ್ರು. ನೋಡಿದೋರಿಗೆ ಎದೆ ಝಲ್ ಅನ್ನೋದು ಸಹಜ, ಅದಕ್ಕೆ ನಿಮ್ಮನ್ನ ನೀವು ಬೈಕೋಬೇಡಿ. ವಿಳಾಸ ಕೂಡ ಅಂಥದೇ ಲೀಕ್‌ನಿಂದ ಬಂದಿರುತ್ತೆ, ಮನೆ ಹತ್ರ ಯಾರೂ ಬಂದಿರಲ್ಲ.

ನಿಮ್ಮ ಐಡಿ ಯಾವ ಲೀಕ್‌ನಲ್ಲಿದೆ ಅಂತ "ಹ್ಯಾವ್ ಐ ಬೀನ್ ಪೋನ್ಡ್" ಅನ್ನೋ ಸೈಟ್‌ನಲ್ಲಿ ನೋಡ್ಬಹುದು, ಟ್ರಾಯ್ ಹಂಟ್ ಅನ್ನೋರು 2013ರ ಡಿಸೆಂಬರ್‌ನಲ್ಲಿ ಶುರು ಮಾಡಿದ್ದು, ದುಡ್ಡು ಬೇಡ. ಪಾಸ್‌ವರ್ಡ್ ಲೀಕ್ ಆಗಿದ್ಯಾ ಅಂತಾನೂ ಅಲ್ಲಿ ಚೆಕ್ ಮಾಡ್ಬಹುದು, ಪೂರ್ತಿ ಪಾಸ್‌ವರ್ಡ್ ಅಲ್ಲಿಗೆ ಹೋಗಲ್ಲ, ಅದರ ಗೂಢ ರೂಪದ ಮೊದಲ 5 ಅಕ್ಷರ ಮಾತ್ರ ಹೋಗುತ್ತೆ, ಉಳಿದ ಹೋಲಿಕೆ ನಿಮ್ಮ ಬ್ರೌಸರ್‌ನಲ್ಲೇ ನಡೆಯುತ್ತೆ.

ಈಗ ನಿಮ್ಮನ್ನ ಒಂದು ಪ್ರಶ್ನೆ ಕೇಳ್ತೀನಿ, ಪ್ರಾಮಾಣಿಕವಾಗಿ ಯೋಚನೆ ಮಾಡಿ. ಆ ಹಳೇ ಪಾಸ್‌ವರ್ಡ್ ಅಥವಾ ಅದರ ತಮ್ಮನಂಥದ್ದು, ಕೊನೆಗೆ ಒಂದು ನಂಬರ್ ಸೇರಿಸಿದ್ದು, ಇವತ್ತಿಗೂ ಎಲ್ಲಾದ್ರೂ ಬಳಸ್ತಿದೀರಾ? ಹೌದು ಅಂದ್ರೆ ಇವತ್ತೇ ಬದಲಿಸಿ, ಯಾಕಂದ್ರೆ ಬೆದರಿಕೆ ಮೇಲ್ ಕಳಿಸೋರು ಈ ಪಟ್ಟಿಯ ಬಡ ಗಿರಾಕಿಗಳು, ಇದೇ ಪಟ್ಟಿ ಇಟ್ಕೊಂಡು ಸದ್ದಿಲ್ಲದೆ ನೂರಾರು ಸೈಟ್‌ಗಳಲ್ಲಿ ಲಾಗಿನ್ ಆಗೋಕೆ ಪ್ರಯತ್ನ ಮಾಡೋರು ಬೇರೆ ಇದಾರೆ, ನಾನು ಹೆದರೋದು ಅವರಿಗೆ. ಒಂದು ವೇಳೆ ಬರೆದಿರೋದು ಹಳೇದಲ್ಲ, ಈಗ ಬಳಸ್ತಿರೋದೇ, ಅದೂ ಬೇರೆಲ್ಲೂ ಬಳಸದೇ ಇರೋದು ಅಂತಾದ್ರೆ ವಿಷಯ ಗಂಭೀರ, ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಕದಿಯೋ ಮಾಲ್‌ವೇರ್ ಸೇರಿರಬಹುದು. ಅವು ಬ್ರೌಸರ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್ ಜೊತೆಗೆ ಲಾಗಿನ್ ಕುಕಿಗಳನ್ನೂ (ನೀವು ಈಗಾಗ್ಲೇ ಲಾಗಿನ್ ಆಗಿದೀರಿ ಅಂತ ಬ್ರೌಸರ್ ಇಟ್ಕೊಳ್ಳೋ ಗುರುತು) ಕದೀತವೆ, ಆ ಕುಕಿ ಇದ್ರೆ ಪಾಸ್‌ವರ್ಡೂ ಬೇಡ ಒಟಿಪಿನೂ ಬೇಡ. ಹಾಗಿದ್ರೆ ಆ ಕಂಪ್ಯೂಟರ್‌ನಲ್ಲಿ ಕೂತು ಪಾಸ್‌ವರ್ಡ್ ಬದಲಿಸಿ ಪ್ರಯೋಜನ ಇಲ್ಲ, ಹೊಸದನ್ನೂ ಅದೇ ಕದಿಯುತ್ತೆ. ಬೇರೆ ಫೋನ್ ಅಥವಾ ಬೇರೆ ಕಂಪ್ಯೂಟರ್‌ನಿಂದ ಮಾಡಿ, ಈ ಕಂಪ್ಯೂಟರನ್ನ ಕ್ಲೀನ್ ಮಾಡೋ ತನಕ ಅದರಲ್ಲಿ ಮೇಲ್ ತೆಗೀಬೇಡಿ.

ಅಕೌಂಟ್ ಒಳಗೆ ನಿಜವಾಗಿ ಹೊಕ್ಕವನು ನಿಮಗೆ ಮೇಲ್ ಬರೆದು ಹೇಳಲ್ಲ. ಅವನಿಗೆ ನಿಮ್ಮ ಮೇಲ್ ಅಂದ್ರೆ ಉಳಿದ ಎಲ್ಲ ಅಕೌಂಟ್‌ಗಳ "ಫರ್ಗಾಟ್ ಪಾಸ್‌ವರ್ಡ್" ಲಿಂಕ್ ಬರೋ ಜಾಗ, ಎಷ್ಟು ದಿನ ನಿಮಗೆ ಗೊತ್ತಾಗಲ್ವೋ ಅಷ್ಟು ದಿನ ಅವನಿಗೆ ಲಾಭ. ಆದ್ದರಿಂದ ಹುಡುಕಬೇಕಾಗಿರೋದು ಇನ್‌ಬಾಕ್ಸ್‌ನಲ್ಲಲ್ಲ, ಸೆಟ್ಟಿಂಗ್ಸ್‌ನಲ್ಲಿ. ಫಾರ್ವರ್ಡಿಂಗ್ ಅಂತ ಇರೋ ಕಡೆ ನಿಮಗೆ ಗೊತ್ತಿಲ್ಲದ ಐಡಿ ಇದ್ಯಾ ನೋಡಿ. ಫಿಲ್ಟರ್ ಅಥವಾ ರೂಲ್ಸ್ ಅಂತ ಇರೋದು ನೋಡಿ, ಬ್ಯಾಂಕ್, ಪಾಸ್‌ವರ್ಡ್, ಇನ್‌ವಾಯ್ಸ್ ಅಂತ ಪದ ಇರೋ ಮೇಲ್‌ಗಳನ್ನ ಬಂದ ಕೂಡ್ಲೇ ಓದಿದ ಹಾಗೆ ಮಾಡಿ ಬೇರೆ ಫೋಲ್ಡರ್‌ಗೋ ಟ್ರ್ಯಾಶ್‌ಗೋ ಕಳಿಸೋ ರೂಲ್ ಹಾಕಿಟ್ಟಿರ್ತಾರೆ, ನೀವು ಪಾಸ್‌ವರ್ಡ್ ಬದಲಿಸಿದ ಮೇಲೂ ಅದು ಅಲ್ಲೇ ಇದ್ದು ಕೆಲಸ ಮಾಡ್ತಾ ಇರುತ್ತೆ, ಎಷ್ಟೋ ಜನ ಪಾಸ್‌ವರ್ಡ್ ಬದಲಿಸಿ ನಿರಾಳ ಆಗೋದು ಇದನ್ನ ನೋಡದೇನೇ. ರಿಕವರಿ ಫೋನ್ ನಂಬರ್ ಮತ್ತೆ ರಿಕವರಿ ಮೇಲ್ ನಿಮ್ಮದೇನಾ ನೋಡಿ, ಅದು ಅವನದಾಗಿದ್ರೆ ನೀವು ಬದಲಿಸಿದ ಐದು ನಿಮಿಷಕ್ಕೆ ಅವನೂ ಬದಲಿಸ್ತಾನೆ. ಯಾವ ಯಾವ ಡಿವೈಸ್‌ನಲ್ಲಿ ಲಾಗಿನ್ ಇದೆ ಅನ್ನೋ ಪಟ್ಟಿ ನೋಡಿ ಗೊತ್ತಿಲ್ಲದ್ದನ್ನೆಲ್ಲ ಸೈನ್ ಔಟ್ ಮಾಡಿ, ಬೇರೆ ಆ್ಯಪ್‌ಗಳು ನಿಮ್ಮ ಮೇಲ್ ತೆಗೆಯೋಕೆ ಬಳಸೋ ಆ್ಯಪ್ ಪಾಸ್‌ವರ್ಡ್ ಅಂತ ಬೇರೆ ಒಂದಿರುತ್ತೆ, ಅದರಲ್ಲಿ ನೀವು ಮಾಡದೇ ಇರೋದಿದ್ರೆ ತೆಗೀರಿ.

ಕೊನೇದಾಗಿ ಥರ್ಡ್ ಪಾರ್ಟಿ ಆ್ಯಪ್‌ಗಳ, ಅಂದ್ರೆ ನಿಮ್ಮ ಅಕೌಂಟ್ ಬಳಸೋಕೆ ನೀವು ಅನುಮತಿ ಕೊಟ್ಟಿರೋ ಬೇರೆಯವರ ಆ್ಯಪ್‌ಗಳ ಪಟ್ಟಿ. ಇದನ್ನ ಜನ ನೋಡೋದೇ ಇಲ್ಲ. 2017ರ ಮೇ 3ರಂದು ಗೂಗಲ್ ಡಾಕ್ಸ್ ಅನ್ನೋ ಹೆಸರಿಟ್ಕೊಂಡ ಒಂದು ಸುಳ್ಳು ಆ್ಯಪ್ ಮೇಲ್ ಮೂಲಕ ಹರಡ್ತು, ಯಾರೋ ಪರಿಚಯದವರು ಡಾಕ್ಯುಮೆಂಟ್ ಶೇರ್ ಮಾಡಿದ ಹಾಗೆ ಬರ್ತಿತ್ತು, ಒತ್ತಿದ್ರೆ ನಿಜವಾದ ಗೂಗಲ್ ಪೇಜೇ ತೆರೆದು ಈ ಆ್ಯಪ್‌ಗೆ ನಿಮ್ಮ ಮೇಲ್ ಓದೋ ಅನುಮತಿ ಕೊಡ್ತೀರಾ ಅಂತ ಕೇಳ್ತಿತ್ತು, ಹೂಂ ಅಂದ ತಕ್ಷಣ ನಿಮ್ಮ ಕಾಂಟ್ಯಾಕ್ಟ್‌ಗಳಿಗೆಲ್ಲ ಅದೇ ಮೇಲ್. ಗೂಗಲ್ ಒಂದು ಗಂಟೆಯೊಳಗೆ ನಿಲ್ಲಿಸ್ತು ಅನ್ನಿ, ಆದ್ರೆ ಗಮನಿಸಿ, ಅಲ್ಲಿ ಯಾರೂ ಪಾಸ್‌ವರ್ಡ್ ಕೇಳಲೇ ಇಲ್ಲ. ಹೀಗೆ ಕೊಟ್ಟ ಅನುಮತಿಯನ್ನ ಆ ಪಟ್ಟಿಗೆ ಹೋಗಿ ನೀವೇ ತೆಗೀಬೇಕು, ಪಾಸ್‌ವರ್ಡ್ ಬದಲಿಸಿದ್ರೆ ತಾನಾಗೇ ಹೋಗುತ್ತೆ ಅಂತ ನಂಬ್ಕೊಂಡು ಕೂರ್ಬೇಡಿ.

ಭಯದಲ್ಲಿರೋವಾಗ ಇನ್ನೊಂದು ಅಪಾಯ ಇದೆ. ಇಂಥ ಬೆದರಿಕೆ ಬಂದ ಮೇಲೆ "ನಿಮ್ಮ ಪಾಸ್‌ವರ್ಡ್ ಯಾರಿಗೋ ಸಿಕ್ಕಿದೆ, ಈಗಲೇ ಬದಲಿಸಿ" ಅಂತ ಇನ್ನೊಂದು ಮೇಲ್ ಬಂದ್ರೆ ಕೈ ತಾನಾಗೇ ಬಟನ್ ಮೇಲೆ ಹೋಗುತ್ತೆ. 2016ರ ಮಾರ್ಚ್‌ನಲ್ಲಿ ಹಿಲರಿ ಕ್ಲಿಂಟನ್ ಚುನಾವಣಾ ಪ್ರಚಾರದ ಮುಖ್ಯಸ್ಥರಾಗಿದ್ದ ಜಾನ್ ಪೊಡೆಸ್ಟಾ ಅವರ ಜಿಮೇಲ್ ಹೋಗಿದ್ದು ಸರಿಯಾಗಿ ಇಂಥದೇ ಮೇಲ್‌ನಿಂದ, ನೋಡೋಕೆ ಗೂಗಲ್‌ದೇ ಎಚ್ಚರಿಕೆ ಥರ ಇತ್ತು, ಬಟನ್ ಹಿಂದೆ ಇದ್ದಿದ್ದು ಚಿಕ್ಕದು ಮಾಡಿದ ಬೇರೆ ಲಿಂಕ್. ಅವರ ಆಫೀಸಿನವರು ಐಟಿ ಸಿಬ್ಬಂದಿಯನ್ನ ಕೇಳಿಯೂ ಇದ್ರು, ಅವರು ಬದಲಿಸೋಕೆ ಸರಿಯಾದ ಗೂಗಲ್ ಲಿಂಕನ್ನೂ ಕೊಟ್ಟಿದ್ರು, ಆದ್ರೂ ಒತ್ತಿದ್ದು ಮೇಲ್‌ನಲ್ಲಿದ್ದ ಬಟನ್. ಹಾಗಾಗಿ ಪಾಸ್‌ವರ್ಡ್ ಬದಲಿಸೋದು ಯಾವಾಗ್ಲೂ ನೀವೇ ಬ್ರೌಸರ್‌ನಲ್ಲಿ ವಿಳಾಸ ಟೈಪ್ ಮಾಡಿ ಅಥವಾ ಆ್ಯಪ್ ಒಳಗೆ ಹೋಗಿ ಮಾಡಿ, ಮೇಲ್ ನಿಜವೇ ಆಗಿದ್ರೂ ಇದರಿಂದ ನಷ್ಟ ಏನಿಲ್ಲ.

ಹೊಸ ಪಾಸ್‌ವರ್ಡ್ ಉದ್ದ ಇರಲಿ, ಮೇಲ್‌ಗೆ ಮಾತ್ರ ಮೀಸಲಾಗಿರಲಿ, ನೆನಪಿಟ್ಕೊಳ್ಳೋಕೆ ಆಗದಿದ್ರೆ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಟು ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, ಎಸ್‌ಎಂಎಸ್ ಒಟಿಪಿ ಏನೂ ಇಲ್ಲದೇ ಇರೋದಕ್ಕಿಂತ ಎಷ್ಟೋ ವಾಸಿ, ಆದ್ರೆ ಸಿಮ್ ಬದಲಿಸಿ ನಂಬರ್ ಕದಿಯೋರಿದಾರೆ, ಫೋನ್‌ನಲ್ಲೇ ಕೋಡ್ ತೋರಿಸೋ ಅಥೆಂಟಿಕೇಟರ್ ಆ್ಯಪ್ ಮೇಲು, ಎಲ್ಲಕ್ಕಿಂತ ಒಳ್ಳೇದು ಪಾಸ್‌ಕೀ, ಅಂದ್ರೆ ಪಾಸ್‌ವರ್ಡ್ ಬದಲು ನಿಮ್ಮ ಫೋನಿನ ಬೆರಳಚ್ಚು ಅಥವಾ ಲಾಕ್‌ನಿಂದ ಲಾಗಿನ್ ಆಗೋದು. ಪಾಸ್‌ಕೀ ಸುಳ್ಳು ಸೈಟ್‌ನಲ್ಲಿ ಕೆಲಸನೇ ಮಾಡಲ್ಲ, ನೀವು ಮೋಸ ಹೋದ್ರೂ ಅದು ಹೋಗಲ್ಲ. ಬ್ಯಾಕಪ್ ಕೋಡ್‌ಗಳನ್ನ ಪೇಪರ್ ಮೇಲೆ ಬರೆದಿಡಿ, ಅದೇ ಮೇಲ್‌ನಲ್ಲಿ ಡ್ರಾಫ್ಟ್ ಮಾಡಿ ಇಡ್ಬೇಡಿ.

ಇಷ್ಟು ಹೇಳಿದ್ದು ವಿಡಿಯೋ ಇದೆ ಅಂತ ಬರೀ ಬಾಯಲ್ಲಿ ಹೇಳೋರ ವಿಷಯ. ಕೆಲವರದ್ದು ಬೇರೆ ಥರ ಇರುತ್ತೆ, ಆನ್‌ಲೈನ್‌ನಲ್ಲಿ ಪರಿಚಯ ಆದವರಿಗೆ ನಿಜವಾಗ್ಲೂ ಫೋಟೋ ಕಳಿಸಿರ್ತೀರಿ, ಈಗ ಅದನ್ನೇ ತೋರಿಸಿ ಹೆದರಿಸ್ತಿರ್ತಾರೆ. ಆಗ ಡಿಲೀಟ್ ಮಾಡ್ಬೇಡಿ, ಸ್ಕ್ರೀನ್‌ಶಾಟ್ ಮತ್ತೆ ಮೇಲ್ ಎರಡೂ ಇಟ್ಕೊಳ್ಳಿ, ಮಾತು ನಿಲ್ಲಿಸಿ, ಪೊಲೀಸರಿಗೆ ಹೇಳಿ. ಒಂದ್ಸಲ ದುಡ್ಡು ಕೊಟ್ರೆ ಕೇಳೋದು ನಿಲ್ಲಲ್ಲ, ಇನ್ನೂ ಜಾಸ್ತಿ ಆಗುತ್ತೆ. ಆ ಫೋಟೋ ಹರಡದ ಹಾಗೆ ತಡೆಯೋಕೆ 18 ದಾಟಿದವರಿಗೆ ಸ್ಟಾಪ್‌ಎನ್‌ಸಿಐಐ, ಅದಕ್ಕಿಂತ ಚಿಕ್ಕ ವಯಸ್ಸಿನಲ್ಲಿ ತೆಗೆದ ಫೋಟೋ ಆದ್ರೆ ಟೇಕ್ ಇಟ್ ಡೌನ್ ಅಂತ ಉಚಿತ ಸೇವೆಗಳಿವೆ, ಫೋಟೋ ನಿಮ್ಮ ಫೋನ್ ಬಿಟ್ಟು ಹೋಗಲ್ಲ, ಅದರ ಡಿಜಿಟಲ್ ಗುರುತು ಮಾತ್ರ ಸೇರಿರೋ ಸೋಶಿಯಲ್ ಮೀಡಿಯಾ ಕಂಪನಿಗಳಿಗೆ ಹೋಗುತ್ತೆ, ಅವರು ಆ ಗುರುತು ಹೊಂದೋ ಫೋಟೋನ ತಡೆಯೋಕೆ ಅದನ್ನ ಬಳಸ್ತಾರೆ. ಇದನ್ನ ಓದ್ತಿರೋದು ಯಾರಾದ್ರೂ ಚಿಕ್ಕ ವಯಸ್ಸಿನವರಾಗಿದ್ರೆ, ಬೈತಾರೆ ಅನ್ನೋ ಭಯ ಇದ್ರೂ ಮನೆಯಲ್ಲಿ ನಂಬೋ ಒಬ್ಬರಿಗೆ ಇವತ್ತೇ ಹೇಳಿ, ಒಬ್ಬರೇ ಇಟ್ಕೊಂಡು ಕೂರ್ಬೇಡಿ.