‘ಊರು’ ಎಷ್ಟು ಸಲ ಬಂದಿದೆ?

ಕಥೆ, ಕಾದಂಬರಿಗಳ ಕರಡು ತಿದ್ದುವುದು ನನ್ನ ಕೆಲಸ. ಒಂದೇ ಪದ ಪದೇ ಪದೇ ಬರುತ್ತಿದೆ ಅನ್ನಿಸಿದರೆ, ಲೇಖಕರಿಗೆ ಹೇಳುವ ಮುಂಚೆ ಎಣಿಸಿ ನೋಡುತ್ತೇನೆ. ಸುಮ್ನೆ ‘ಜಾಸ್ತಿ ಆಯ್ತು’ ಅಂದರೆ ಅವರಿಗೆ ಬೇಸರವಾಗುತ್ತದೆ, ಅಲ್ವಾ?

ವರ್ಡ್‌ನಲ್ಲಿ ಕಂಟ್ರೋಲ್ ಎಫ್ ಒತ್ತಿ ಪದ ಟೈಪ್ ಮಾಡಿದರೆ, ಎಷ್ಟು ಸಲ ಸಿಕ್ಕಿತು ಎಂದು ಎಡಗಡೆ ತೋರಿಸುತ್ತದೆ. ಕನ್ನಡದಲ್ಲಿ ಆ ಲೆಕ್ಕವನ್ನು ಹಾಗೇ ನಂಬಬೇಡಿ. ಈ ಸಾಲು ನೋಡಿ:

‘ನಮ್ಮೂರಿನ ಅಜ್ಜ ಊರುಗೋಲು ಹಿಡಿದು ಪಕ್ಕದ ಊರಿಗೆ ಹೋಗಿ, ಸಂಜೆ ಊರು ಸೇರಿದ.’

‘ಊರು’ ಎಂದು ಹುಡುಕಿದರೆ ಸಿಗುವುದು 2. ಅದರಲ್ಲಿ ಒಂದು ಅಜ್ಜನ ಊರುಗೋಲು! ನಿಜವಾಗಿ ಊರು ಬಂದಿರುವುದು 3 ಸಲ. ‘ಊರಿಗೆ’ ಅನ್ನುವಲ್ಲಿ ಕೊಂಬು ಹೋಗಿ ಗುಡಿಸು ಬಂದಿದೆ, ಹಾಗಾಗಿ ಸಿಗಲಿಲ್ಲ. ‘ನಮ್ಮೂರಿನ’ದಲ್ಲಿ ಊ ಅಕ್ಷರವೇ ಇಲ್ಲ. ಅದು ಸಂಧಿಯಾಗಿ ‘ಮ್ಮೂ’ ಆಗಿದೆ. ಕಂಪ್ಯೂಟರಿಗೆ ಊ ಬೇರೆ, ಕೊಂಬಿನಿಳಿ (‘ಮ್ಮೂ’ದಲ್ಲಿರುವ ದೀರ್ಘದ ಗುರುತು) ಬೇರೆ. ಇದೇ ಕಾರಣಕ್ಕೆ ಮೈಸೂರು, ತುಮಕೂರು ಲೆಕ್ಕಕ್ಕೆ ಬರುವುದಿಲ್ಲ. ಅದು ಒಳ್ಳೆಯದೇ. ಆದರೆ ಹುಟ್ಟೂರೂ ತಪ್ಪಿಹೋಗುತ್ತದೆ. ‘ಪೂರ್ತಿ ಪದ ಮಾತ್ರ’ ಎಂಬ ಆಯ್ಕೆ ಹಾಕಿದರೆ ಊರುಗೋಲಿನ ಕಾಟ ತಪ್ಪುತ್ತದೆ, ಜೊತೆಗೆ ‘ಊರುಗಳು’ ಕೂಡ ಬಿಟ್ಟುಹೋಗುತ್ತದೆ.

ನಾನು ಮಾಡುವುದು ಇಷ್ಟು. ಒಂದು ಚೀಟಿಯಲ್ಲಿ ರೂಪಗಳನ್ನು ಬರೆದುಕೊಳ್ಳುತ್ತೇನೆ: ಊರು, ಊರಿಗೆ, ಊರಿನ, ಊರಿಂದ, ಊರಲ್ಲಿ, ನಮ್ಮೂರು, ಹುಟ್ಟೂರು. ಒಂದೊಂದನ್ನೇ ಹುಡುಕಿ ಪಕ್ಕದಲ್ಲಿ ಸಂಖ್ಯೆ ಬರೆಯುತ್ತೇನೆ. ‘ಊರಿನ’ ಹುಡುಕಿದಾಗ ‘ಊರಿನಲ್ಲಿ’, ‘ಊರಿನವರು’ ಕೂಡ ಸೇರಿಬಿಡುತ್ತವೆ. ಅವನ್ನು ಮತ್ತೆ ಎಣಿಸಬಾರದು. ಸಿಕ್ಕ ಪ್ರತಿ ಸಾಲನ್ನೂ ಕಣ್ಣಾಡಿಸಿಯೇ ಮುಂದೆ ಹೋಗುತ್ತೇನೆ.

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಾದರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಿ. ಆ ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವ ಸಂಕೇತಗಳು ಬೇರೆ.

ಇನ್ನೊಂದು ತೊಂದರೆ ಅನುಸ್ವಾರದ್ದು. ಕೆಲವರು ‘ಂ’ ಬದಲು ಕನ್ನಡದ ಅಂಕಿ ‘೦’ ಒತ್ತಿರುತ್ತಾರೆ. ‘ಬೆಂಗಳೂರು’, ‘ಬೆ೦ಗಳೂರು’ ನೋಡಲು ಒಂದೇ ಥರ, ಹುಡುಕಾಟಕ್ಕೆ ಎರಡು ಬೇರೆ ಪದ. ಎರಡನ್ನೂ ಹುಡುಕಿ. ಎಲ್ಲ ಸೊನ್ನೆಯನ್ನೂ ಒಂದೇ ಏಟಿಗೆ ಬದಲಾಯಿಸಲು ಮಾತ್ರ ಹೋಗಬೇಡಿ, ‘೧೦ ರೂಪಾಯಿ’ ಇದ್ದದ್ದು ‘೧ಂ ರೂಪಾಯಿ’ ಆಗಿಬಿಡುತ್ತದೆ.